ಯಾರ ದುಡ್ಡಿನ ಸಿನಿಮಾ, ಯಾರ ಋಣ?

'ಸ್ವತಂತ್ರ ನಿರ್ದೇಶಕ' ಅನ್ನೋ ಮಾತು ಈಗ ಎಲ್ಲ ಭಾಷೆಯ ಸಿನಿಮಾದಲ್ಲೂ ಓಡಾಡುತ್ತಿದೆ. ಯಾರಿಂದ ಸ್ವತಂತ್ರ ಅಂತ ಕೇಳಿದರೆ, ದೊಡ್ಡ ನಿರ್ಮಾಪಕರಿಂದ, ವಿತರಕರಿಂದ, ಸ್ಟಾರುಗಳಿಂದ ಅಂತ ಉತ್ತರ ಬರುತ್ತದೆ. ಸರಿ. ಹಾಗಾದರೆ ದುಡ್ಡು ಎಲ್ಲಿಂದ ಬಂತು? ಇಲ್ಲಿಗೆ ಮಾತು ಸ್ವಲ್ಪ ತಡವರಿಸುತ್ತದೆ.

ಕವಿತೆ ಬರೆಯೋನಿಗೆ ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಹಾಡೋನಿಗೆ ಗಂಟಲು ಸಾಕು. ತಮಟೆಯವನಿಗೆ ಒಂದು ತೊಗಲು, ಅದನ್ನು ಕಾಯಿಸೋದಕ್ಕೆ ಒಂದು ಹಿಡಿ ಹುಲ್ಲಿನ ಬೆಂಕಿ ಸಾಕು. ಸಿನಿಮಾ ಹಾಗಲ್ಲ. ಕ್ಯಾಮರಾ ಬೇಕು, ಲೈಟು ಬೇಕು, ಇಪ್ಪತ್ತು ಮೂವತ್ತು ಜನರಿಗೆ ದಿನಾ ಊಟ ಹಾಕಬೇಕು, ಮಾಡಿದ ಮೇಲೆ ತೋರಿಸೋದಕ್ಕೆ ಪರದೆ ಬೇಕು. ಆದ್ದರಿಂದಲೇ ಕಲೆ ಮತ್ತು ಋಣದ ಪ್ರಶ್ನೆ ಬೇರೆಲ್ಲಕ್ಕಿಂತ ಸಿನಿಮಾದಲ್ಲಿ ಹೆಚ್ಚು ಬೆತ್ತಲಾಗಿ ನಿಲ್ಲುತ್ತದೆ.

ನಾನು ಹೇಳಹೊರಟಿರುವುದು ಇಷ್ಟೆ: ಋಣವಿಲ್ಲದ ಕಲೆ ಇಲ್ಲ. ಕಲಾವಿದನ ನೀತಿಯನ್ನು ಅಳೆಯಬೇಕಾದದ್ದು, ಅವನು ಯಾರಿಗೆ ಋಣಿಯಾಗಲು ಒಪ್ಪಿದ ಮತ್ತು ಆ ಋಣವನ್ನು ಹೇಗೆ ತೀರಿಸಿದ ಅನ್ನೋದರಿಂದ. ಇದನ್ನು ಗಾಳಿಯಲ್ಲಿ ಹೇಳಿ ಉಪಯೋಗವಿಲ್ಲ. ಕೇರಳದ ನಿರ್ದೇಶಕ ಜಾನ್ ಅಬ್ರಹಾಂ ಅವರ ಬದುಕನ್ನು ಮುಂದಿಟ್ಟುಕೊಂಡು ನೋಡೋಣ. ಹಿಂದಿ ಸಿನಿಮಾದ ಅದೇ ಹೆಸರಿನ ನಟ ಬೇರೆ. ನಾನು ಹೇಳುತ್ತಿರುವವರು 1937ರಲ್ಲಿ ಹುಟ್ಟಿ 1987ರಲ್ಲಿ ಸತ್ತವರು. ಪೂರ್ತಿ ಉದ್ದದ ನಾಲ್ಕೇ ನಾಲ್ಕು ಕಥಾಚಿತ್ರ ಮಾಡಿದವರು.

ಜಾನ್ ನಮಗೆ ಪೂರಾ ಹೊರಗಿನವರಲ್ಲ. ರಾಜ್ಯಶಾಸ್ತ್ರ ಓದಲು ಧಾರವಾಡಕ್ಕೆ ಬಂದಿದ್ದರು. 1960ರ ದಶಕದ ಮೊದಲ ವರ್ಷಗಳಲ್ಲಿ ಬಳ್ಳಾರಿಯ ಜೀವ ವಿಮಾ ನಿಗಮದ ಕಚೇರಿಯಲ್ಲಿ ನೌಕರಿ ಮಾಡಿದ್ದರು. ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. ಅಲ್ಲಿ ಬಂಗಾಳದ ಋತ್ವಿಕ್ ಘಟಕ್ ಮೇಷ್ಟರಾಗಿ ಸಿಕ್ಕರು. ಮಣಿ ಕೌಲ್ ಅವರ 'ಉಸ್ಕಿ ರೋಟಿ' (1969) ಚಿತ್ರಕ್ಕೆ ಸಹಾಯಕರಾದರು. 1972ರಲ್ಲಿ 'ವಿದ್ಯಾರ್ಥಿಕಳೇ ಇದಿಲೇ ಇದಿಲೇ' ಎಂಬ ಮೊದಲ ಮಲಯಾಳಂ ಚಿತ್ರ ಮಾಡಿದರು.

ಜಾನ್ ಬಗ್ಗೆ ಬರೆಯೋರೆಲ್ಲ ಬಳ್ಳಾರಿಯ ನೌಕರಿ ಬಿಟ್ಟದ್ದನ್ನು ತ್ಯಾಗ ಅಂತ ಕರೀತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕೇರಿಯ ಹುಡುಗನೊಬ್ಬ ಮನೆಗೆ ಮೊದಲ ಡಿಗ್ರಿ ತಂದು, ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಅಂತಿಟ್ಟುಕೊಳ್ಳಿ. ಆ ಸಂಬಳಕ್ಕೆ ಎಷ್ಟು ಕೈ ಕಾದಿರುತ್ತವೆ? ಅಪ್ಪ ಮಾಡಿದ ಸಾಲ, ತಂಗಿಯ ಮದುವೆ, ತಮ್ಮನ ಹಾಸ್ಟೆಲ್ಲು, ಸೋರುವ ಮಾಡು. ಅವನು ಮೂರು ವರ್ಷಕ್ಕೆ ರಾಜೀನಾಮೆ ಬರೆದು ಸಿನಿಮಾ ಮಾಡ್ತೀನಿ ಅಂದರೆ ಊರು ಅದನ್ನು ತ್ಯಾಗ ಅನ್ನೋದಿಲ್ಲ. ತಲೆ ಕೆಟ್ಟಿದೆ ಅನ್ನುತ್ತದೆ. ಮನೆಯವರು ಎದೆ ಬಡಿದುಕೊಳ್ಳುತ್ತಾರೆ. ಜಾನ್ ಬಂದದ್ದು ಸಿರಿಯನ್ ಕ್ರೈಸ್ತ ಸಮುದಾಯದಿಂದ. ಆ ಸಮುದಾಯಕ್ಕೆ ಜಮೀನು, ಶಾಲೆ, ಕಾಲೇಜು ಹೊಸದಲ್ಲ. ಬಿಡೋದಕ್ಕೆ ಮೊದಲು ಕೈಯಲ್ಲಿ ಇರಬೇಕು. ಬಿಟ್ಟ ಮೇಲೆ ಬೀಳದ ಹಾಗೆ ಹಿಂದೆ ಒಂದು ಗೋಡೆ ಇರಬೇಕು. ಬಡತನವನ್ನು ಆರಿಸಿಕೊಳ್ಳೋದು ಬೇರೆ, ಬಡತನದಲ್ಲಿ ಹುಟ್ಟೋದು ಬೇರೆ.

ಹಾಗಂತ ಜಾನ್ ಬಿಟ್ಟದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಬುದ್ಧನಿಗೂ ಬಿಟ್ಟು ಹೋಗಲು ಅರಮನೆ ಇತ್ತು. ಆದರೆ ನಾವು ಬುದ್ಧನನ್ನು ನೆನೆಯುವುದು ಅರಮನೆ ಬಿಟ್ಟ ಆ ಒಂದು ರಾತ್ರಿಗಾಗಿ ಅಲ್ಲ. ಭಿಕ್ಷಾಪಾತ್ರೆ ಹಿಡಿದು ಜನರ ನಡುವೆಯೇ ತಿರುಗಿ, ನಲವತ್ತೈದು ವರ್ಷ ಅವರ ಪ್ರಶ್ನೆಗಳಿಗೆ ಉತ್ತರ ಹೇಳಿದ್ದಕ್ಕಾಗಿ. ಜಾನ್ ಅವರನ್ನೂ ಹಾಗೇ ನೋಡಬೇಕು. ಏನು ಬಿಟ್ಟರು ಅನ್ನೋದಲ್ಲ, ಯಾರ ಬಾಗಿಲಿಗೆ ಬಂದರು ಅನ್ನೋದು ಮುಖ್ಯ.

1977ರಲ್ಲಿ ಅವರು ತಮಿಳಿನಲ್ಲಿ 'ಅಗ್ರಹಾರತ್ತಿಲ್ ಕಳುದೈ' ಮಾಡಿದರು. ಅಗ್ರಹಾರದಲ್ಲಿ ಕತ್ತೆ ಅಂತ ಅರ್ಥ. ಚಿತ್ರಕಥೆ ತಮಿಳಿನ ವಿಮರ್ಶಕ ವೆಂಕಟ್ ಸ್ವಾಮಿನಾಥನ್ ಅವರದು. ತಾಯಿ ಸತ್ತ ಕತ್ತೆಮರಿಯೊಂದನ್ನು ಬ್ರಾಹ್ಮಣ ಪ್ರೊಫೆಸರ್ ಸಾಕುತ್ತಾರೆ. ಕಾಲೇಜಿನಲ್ಲಿ ನಗೆಪಾಟಲಾದಾಗ ತಮ್ಮ ಊರಿನ ಅಗ್ರಹಾರಕ್ಕೆ ಒಯ್ಯುತ್ತಾರೆ. ಮಾತು ಬಾರದ ಹುಡುಗಿಯೊಬ್ಬಳು ಅದನ್ನು ನೋಡಿಕೊಳ್ಳುತ್ತಾಳೆ. ಊರಲ್ಲಿ ಏನೇ ಕೆಟ್ಟದಾದರೂ ಕತ್ತೆಯ ತಲೆಗೆ ಕಟ್ಟುತ್ತಾರೆ. ಕೊನೆಗೆ ಅದನ್ನು ಬಡಿದು ಕೊಲ್ಲುತ್ತಾರೆ. ಕೊಂದ ಮೇಲೆ ಊರಲ್ಲಿ ಪವಾಡ ನಡೆಯುತ್ತಿದೆ ಅಂತ ಸುದ್ದಿಯಾಗಿ, ಅದೇ ಕತ್ತೆಗೆ ಗುಡಿ ಕಟ್ಟಲು ಹೊರಡುತ್ತಾರೆ. ತಮಿಳುನಾಡಿನ ನಂದನಾರ್ ಕಥೆ ಗೊತ್ತಿರೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದುಕಿದ್ದಾಗ ಮೈಲಿಗೆ, ಬೆಂಕಿಗೆ ಹೋದ ಮೇಲೆ ಸಂತ. ಇದು ಹಳೇ ವ್ಯಾಪಾರ.

ಆ ಚಿತ್ರಕ್ಕೆ ತಮಿಳಿನ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಆದರೆ ಪ್ರಶಸ್ತಿ ಕೊಟ್ಟ ಸರ್ಕಾರದ್ದೇ ಆದ ದೂರದರ್ಶನ, 1980ರ ದಶಕದ ಕೊನೆಯಲ್ಲಿ ಅದನ್ನು ತೋರಿಸುತ್ತೇವೆ ಅಂದು ಆಮೇಲೆ ಹಿಂದೆ ಸರಿಯಿತು. ಒಂದು ಕೈ ಪದಕ ಕೊಟ್ಟಿತು, ಇನ್ನೊಂದು ಕೈ ಪರದೆ ಎಳೆಯಿತು. ದುಡ್ಡು ಹೊಂದಿಸಿ ಚಿತ್ರ ಮಾಡಿದರೆ ಮುಗಿಯಲಿಲ್ಲ, ತೋರಿಸುವ ಜಾಗ ಇನ್ನೊಬ್ಬರ ಕೈಯಲ್ಲಿದ್ದರೆ ನೀನು ಇನ್ನೂ ಒಕ್ಕಲೇ ಅನ್ನೋದು ಇದರ ಪಾಠ.

1979ರಲ್ಲಿ 'ಚೆರಿಯಾಚ್ಚಂಡೆ ಕ್ರೂರಕೃತ್ಯಂಗಳ್' ಬಂತು. ಕುಟ್ಟನಾಡಿನ ಭತ್ತದ ಗದ್ದೆಗಳ ನಡುವಿನ ಒಬ್ಬ ಜಮೀನ್ದಾರನ ಕಥೆ. ಅಡೂರ್ ಭಾಸಿ ಆ ಪಾತ್ರ ಮಾಡಿದ್ದಾರೆ. ಕೂಲಿಯವರ ಮೇಲೆ ನಡೆದ ಹಿಂಸೆಗೆ ಸಾಕ್ಷಿಯಾದ ಅವನನ್ನು ಭಯ, ಪಾಪಪ್ರಜ್ಞೆ ಒಳಗಿಂದಲೇ ತಿನ್ನುತ್ತವೆ. ಪೊಲೀಸರಿಗೆ ಹೆದರಿ ತೆಂಗಿನ ಮರ ಹತ್ತುತ್ತಾನೆ. ಇಲ್ಲಿಯವರೆಗೆ ಜಾನ್ ಮಾಡಿದ್ದು, ಮೇಲಿನವರ ಮನೆಯ ಒಳಗಿನ ಕೊಳೆಯನ್ನು ಒಳಗಿನಿಂದಲೇ ತೋರಿಸುವ ಕೆಲಸ. ಅದು ಬೇಕಾದ ಕೆಲಸವೇ. ಆದರೆ ದುಡ್ಡಿನ ದಾರಿ ಮಾತ್ರ ಹಳೆಯದೇ ಆಗಿತ್ತು. ಒಬ್ಬ ನಿರ್ಮಾಪಕ, ಒಂದು ಪ್ರಶಸ್ತಿ, ಕೆಲವು ಫಿಲ್ಮ್ ಸೊಸೈಟಿಗಳು.

ಆ ದಾರಿಯನ್ನು ಜಾನ್ ಬದಲಿಸಿದ್ದು 1984ರಲ್ಲಿ. ಕೋಳಿಕ್ಕೋಡಿನಲ್ಲಿ ಗೆಳೆಯರ ಜೊತೆ ಸೇರಿ 'ಒಡೆಸ್ಸಾ' ಅನ್ನೋ ತಂಡ ಕಟ್ಟಿದರು. ಐಸೆನ್‌ಸ್ಟೈನ್‌ನ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಚಿತ್ರದಲ್ಲಿ ಬರುವ ಊರಿನ ಹೆಸರದು. 16 ಎಂ.ಎಂ. ಪ್ರೊಜೆಕ್ಟರ್ ಹೊತ್ತುಕೊಂಡು ಊರೂರಿಗೆ ಹೋಗಿ ಸಿನಿಮಾ ತೋರಿಸಿದರು. ಡೋಲು ಬಡಿದು, ಬೀದಿ ನಾಟಕ ಆಡಿ, ಜನರ ಸಿನಿಮಾಕ್ಕೆ ನಿಮ್ಮ ಕೈಲಾದದ್ದು ಕೊಡಿ ಅಂತ ಕೇಳಿದರು. ಕೂಲಿಯವರು, ವಿದ್ಯಾರ್ಥಿಗಳು, ಮೇಷ್ಟರುಗಳು ಒಂದು ರೂಪಾಯಿ, ಎರಡು ರೂಪಾಯಿ ಕೊಟ್ಟರು. ಹಾಗೆ ಕೂಡಿದ ದುಡ್ಡಿನಲ್ಲಿ 1986ರಲ್ಲಿ 'ಅಮ್ಮ ಅರಿಯಾನ್' ಆಯಿತು. ಅಮ್ಮ ಅರಿಯಲೆಂದು ಅನ್ನೋ ಅರ್ಥ. ಮಗ ತಾಯಿಗೆ ಬರೆಯುವ ಕಾಗದದ ತಲೆಬರಹ. ಅದನ್ನು ಟಾಕೀಸುಗಳ ಹಂಗಿಲ್ಲದೆ ಒಡೆಸ್ಸಾದವರೇ ಹೊತ್ತು ತಿರುಗಿ ತೋರಿಸಿದರು.

ಇಲ್ಲಿ ಕೆಲವರು ಕೇಳಬಹುದು: ಜನರ ದುಡ್ಡಿನ ಸಿನಿಮಾ ಇದೊಂದೇನಾ? ಅಲ್ಲ. 1976ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಮಂಥನ್' ಬಂತು. ಗುಜರಾತಿನ ಹಾಲು ಸಹಕಾರಿ ಒಕ್ಕೂಟದ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟು ನಿರ್ಮಾಪಕರಾದರು. ನಮ್ಮ ಕನ್ನಡದಲ್ಲೇ 2013ರಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' ಬಂತು. ಇಂಟರ್‌ನೆಟ್ ಮೂಲಕ ನೂರಕ್ಕೂ ಹೆಚ್ಚು ಮಂದಿ ಸುಮಾರು 50 ಲಕ್ಷ ರೂಪಾಯಿ ಹಾಕಿದರು. ಮೂರೂ ಒಳ್ಳೆಯ ಪ್ರಯತ್ನಗಳೇ. ಆದರೆ ಮೂರೂ ಒಂದೇ ಅಲ್ಲ. ವ್ಯತ್ಯಾಸ ತಿಳಿಯೋದಕ್ಕೆ ಅರ್ಥಶಾಸ್ತ್ರದ ಪುಸ್ತಕ ಬೇಡ. ನಮ್ಮ ಹಳ್ಳಿಯ ಸಾಲದ ಲೆಕ್ಕ ಸಾಕು.

ಹಳ್ಳಿಯಲ್ಲಿ ಸಾಹುಕಾರನ ಸಾಲ ಅನ್ನೋದಿದೆ. ಬಡ್ಡಿ ಬೆಳೆದು ಕೊನೆಗೆ ಜೀತಕ್ಕೆ ಹೋಗೋದು. ವ್ಯಾಪಾರಿ ಸಿನಿಮಾದ ನಿರ್ದೇಶಕ ಬಹಳ ಸಲ ಈ ಜೀತದಲ್ಲಿ ಇರುತ್ತಾನೆ, ಸೂಟು ಹಾಕಿಕೊಂಡ ಜೀತ ಅಷ್ಟೆ. ಎರಡನೆಯದು ಪಾಲು. ಇಬ್ಬರು ಸೇರಿ ಹೊಲ ಮಾಡಿ, ಬಂದದ್ದನ್ನು ಹಂಚಿಕೊಳ್ಳೋದು. 'ಲೂಸಿಯಾ' ಇಂಥದ್ದು. ಮೂರನೆಯದು ಸಂಘದ ಹಣ. ಎಲ್ಲರದ್ದೂ ಸೇರಿರುತ್ತದೆ, ತೀರ್ಮಾನ ಸಂಘದ ಕಚೇರಿಯಲ್ಲಿ ಆಗುತ್ತದೆ. 'ಮಂಥನ್' ಇಂಥದ್ದು. ನಾಲ್ಕನೆಯದು ಮುಯ್ಯಿ. ಮದುವೆ ಮನೆಯಲ್ಲಿ ನೀನು ಹಾಕಿದ ಮುಯ್ಯಿಗೆ ಪತ್ರ ಇಲ್ಲ, ಬಡ್ಡಿ ಇಲ್ಲ. ಆದರೆ ನಿನ್ನ ಮನೆಯಲ್ಲಿ ಕಾರ್ಯವಾದಾಗ ನಾನು ಬರಲೇಬೇಕು. ಕೆಲಸದಲ್ಲಿ ಇದನ್ನೇ ಮುಯ್ಯಾಳು ಅಂತೀವಿ. ಈ ದಿನ ನನ್ನ ಹೊಲದ ಕಳೆ ನೀನು ಕೀಳು, ನಾಳೆ ನಿನ್ನ ಹೊಲಕ್ಕೆ ನಾನು ಬರ್ತೀನಿ. ಒಡೆಸ್ಸಾಕ್ಕೆ ಜನ ಕೊಟ್ಟದ್ದು ಮುಯ್ಯಿ. ಲಾಭದ ಪಾಲು ಕೇಳಲಿಲ್ಲ, ಯಾರ ಅಪ್ಪಣೆಯಿಂದಲೂ ಕೊಡಲಿಲ್ಲ. ಎದುರಿಗೆ ನಿಂತ ಮುಖ ನೋಡಿ ಕೊಟ್ಟರು.

ಮುಯ್ಯಿ ತಗೊಂಡವನ ಹೊಣೆ ಏನು? ಇಲ್ಲಿಯೇ ನಿಜವಾದ ನೈತಿಕ ಪ್ರಶ್ನೆ ಇರುವುದು.

ಒಂದು ಉತ್ತರ: ಕೊಟ್ಟವರಿಗೆ ಇಷ್ಟವಾಗುವುದನ್ನು ಮಾಡು. ಇದು ತಪ್ಪು. ಹಾಗಾದರೆ ಜನ ಇನ್ನೊಬ್ಬ ಸಾಹುಕಾರ ಆದರು ಅಷ್ಟೆ. 'ಅಮ್ಮ ಅರಿಯಾನ್' ಸುಲಭದ ಚಿತ್ರ ಅಲ್ಲ. ಕಪ್ಪು ಬಿಳುಪು, ನಿಧಾನ, ಹಾಡು ಕುಣಿತ ಇಲ್ಲ. ಪುರುಷನ್ ಅನ್ನೋ ಯುವಕ ದಾರಿಯಲ್ಲಿ ಒಂದು ಹೆಣ ನೋಡುತ್ತಾನೆ. ಅದು ಹರಿ ಅನ್ನೋ ತಬಲಾ ವಾದಕನದು, ಪೊಲೀಸರ ಹಿಂಸೆ ತಿಂದಿದ್ದ ಹುಡುಗನದು. ಅವನ ತಾಯಿಗೆ ಸುದ್ದಿ ಮುಟ್ಟಿಸಲು ಪುರುಷನ್ ಕೊಚ್ಚಿಯ ಕಡೆ ಹೊರಡುತ್ತಾನೆ. ದಾರಿಯಲ್ಲಿ ಹರಿಯ ಗೆಳೆಯರು ಒಬ್ಬೊಬ್ಬರೇ ಸೇರುತ್ತಾರೆ. ಪ್ರತಿ ಮನೆಯಲ್ಲೂ ಒಬ್ಬ ತಾಯಿ ಇದ್ದಾಳೆ. ನಡುನಡುವೆ ಕಲ್ಲುಕ್ವಾರಿ ಕೆಲಸಗಾರರು, ವೈಪಿನ್‌ನಲ್ಲಿ 1982ರಲ್ಲಿ ಕಳ್ಳಭಟ್ಟಿ ಕುಡಿದು ಸತ್ತವರ, ಕಣ್ಣು ಕಳಕೊಂಡವರ ನೆನಪು, ವೈದ್ಯಕೀಯ ಶಿಕ್ಷಣದ ಖಾಸಗೀಕರಣದ ವಿರುದ್ಧ ವಿದ್ಯಾರ್ಥಿಗಳ ಮುಷ್ಕರ. ಒಂದು ರೂಪಾಯಿ ಕೊಟ್ಟವನಿಗೆ ಎರಡು ಗಂಟೆ ಮನರಂಜನೆ ಕೊಡುವ ಲೆಕ್ಕ ಇದರಲ್ಲಿ ಇಲ್ಲ. ಅವನನ್ನು ಯೋಚಿಸಬಲ್ಲ ಮನುಷ್ಯ ಅಂತ ನಂಬಿದ ಲೆಕ್ಕ ಇದೆ. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗೋದಿಲ್ಲ ಅಂತ ನಮ್ಮ ಪರವಾಗಿ ಮಾತಾಡೋರು ಬಹಳ ಇದ್ದಾರೆ. ಇಡೀ ರಾತ್ರಿ ಕೂತು ಬಯಲಾಟ ನೋಡಿ, ಬೆಳಿಗ್ಗೆ ಅದರ ಅರ್ಥಕ್ಕೆ ಜಗಳ ಆಡೋ ಜನ ನಾವು.

ಇನ್ನೊಂದು ಉತ್ತರ: ಕಲಾವಿದ ಯಾರಿಗೂ ಏನೂ ಸಲ್ಲಿಸಬೇಕಾಗಿಲ್ಲ, ಕಲೆಯೇ ಅವನ ಉತ್ತರ. ಇದು ಕೇಳೋದಕ್ಕೆ ದೊಡ್ಡ ಮಾತು. ಆದರೆ ಬೇರೆಯವರ ಅನ್ನ ತಿಂದು ಎಲೆ ಎತ್ತದೆ ಎದ್ದು ಹೋಗೋನ ಮಾತು ಇದು. ಬೆವರಿನ ರೂಪಾಯಿ ಕೊಟ್ಟವನಿಗೆ, ನನಗೆ ನಿನ್ನ ಸಿನಿಮಾ ತಿಳಿಯಲಿಲ್ಲ, ಬಿಡಿಸಿ ಹೇಳು ಅಂತ ಕೇಳುವ ಹಕ್ಕಿದೆ. ಇದು ಸುಳ್ಳು ಅಂತ ಜಗಳ ತೆಗೆಯುವ ಹಕ್ಕೂ ಇದೆ. ಕಲಾವಿದ ಅಲ್ಲಿ ನಿಂತು ಕೇಳಿಸಿಕೊಳ್ಳಬೇಕು. ಒಡೆಸ್ಸಾದವರು ಚಿತ್ರವನ್ನು ಡಬ್ಬಿ ಸಮೇತ ಊರೂರಿಗೆ ತಾವೇ ಒಯ್ದದ್ದರಲ್ಲಿ ಈ ತಿಳುವಳಿಕೆ ಇತ್ತು ಅಂತ ನನಗನಿಸುತ್ತದೆ. ಟಾಕೀಸಿನಲ್ಲಿ ಟಿಕೆಟ್ ಹರಿದರೆ ಸಂಬಂಧ ಮುಗೀತು. ಬಯಲಿನಲ್ಲಿ ಪರದೆ ಕಟ್ಟಿದರೆ, ಸಿನಿಮಾ ಮುಗಿದ ಮೇಲೂ ನೀನು ಅಲ್ಲೇ ಇರುತ್ತೀಯ, ಅವರೂ ಇರುತ್ತಾರೆ.

ಆದರೂ ಒಂದು ಮಾತು ಉಳಿಯುತ್ತದೆ. ಮುಯ್ಯಾಳಿನ ನೀತಿ ಪೂರ್ತಿಯಾಗಬೇಕಾದರೆ, ನನ್ನ ಹೊಲಕ್ಕೆ ಬಂದವನ ಹೊಲಕ್ಕೆ ನಾನು ಹೋಗಬೇಕು. ದುಡ್ಡು ಜನರದ್ದಾಯಿತು, ನೋಡಿದವರು ಜನರಾದರು. ಕ್ಯಾಮರಾ ಹಿಡಿದವರು, ಕತ್ತರಿಸಿ ಜೋಡಿಸಿದವರು ಪುಣೆಯಲ್ಲಿ ಓದಿ ಬಂದವರೇ. ಕಲ್ಲು ಒಡೆಯುವವನು ಚಿತ್ರದೊಳಗೆ ಬಂದ. ಅವನ ಮಗಳು ಕ್ಯಾಮರಾದ ಹಿಂದೆ ಬರಲಿಲ್ಲ. ಇದನ್ನು ಜಾನ್ ಒಬ್ಬರ ತಪ್ಪು ಅಂತ ಹೇಳೋದು ಅನ್ಯಾಯ. ಅವರಿಗೆ ಕಾಲವೇ ಸಿಗಲಿಲ್ಲ. ಚಿತ್ರವಾದ ಮರು ವರ್ಷ, 1987ರ ಮೇ 31ರಂದು, ಕೋಳಿಕ್ಕೋಡಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡರು. ಆಗ ಅವರಿಗೆ ಐವತ್ತು ಕೂಡ ತುಂಬಿರಲಿಲ್ಲ. ಆದರೆ ಅವರು ಬಿಟ್ಟುಹೋದ ಕೆಲಸ ಯಾವುದು ಅಂತ ನಾವು ಸ್ಪಷ್ಟ ಮಾಡಿಕೊಳ್ಳಬೇಕು.

ಯಾಕೆಂದರೆ ಆ ಸಿನಿಮಾ ಲೋಕದ ಮೊದಲ ಋಣವೇ ಇನ್ನೂ ಬಾಕಿ ಇದೆ. ಮಲಯಾಳಂನ ಮೊದಲ ಚಿತ್ರ 'ವಿಗತಕುಮಾರನ್', 1930ರ ಆಸುಪಾಸಿನದು. ತಯಾರಿಸಿದ ಜೆ.ಸಿ. ಡೇನಿಯಲ್ ತಮ್ಮ ಆಸ್ತಿ ಮಾರಿ ಸಿನಿಮಾ ಮಾಡಿ ಬರಿಗೈಯಾದರು. ಅವರೂ ಒಂದು ಅರ್ಥದಲ್ಲಿ ಸ್ವತಂತ್ರ ನಿರ್ದೇಶಕರೇ. ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣುಮಗಳು. ತೆರೆಯ ಮೇಲೆ ನಾಯರ್ ಮನೆತನದ ಹೆಣ್ಣಾಗಿ ಕಂಡಳು ಅನ್ನೋದೇ ಅಪರಾಧವಾಯಿತು. ತಿರುವನಂತಪುರದಲ್ಲಿ ಪ್ರದರ್ಶನಕ್ಕೆ ಕಲ್ಲು ಬಿತ್ತು. ಆ ಹುಡುಗಿ ಊರು ಬಿಟ್ಟು ಓಡಬೇಕಾಯಿತು. ಡೇನಿಯಲ್ ಹೆಸರಿನಲ್ಲಿ ಕೇರಳ ಸರ್ಕಾರ 1992ರಿಂದ ಪ್ರಶಸ್ತಿ ಕೊಡುತ್ತಿದೆ. ಅದು ಸರಿಯಾದ ಗೌರವವೇ. ರೋಸಿಯ ಹೆಸರನ್ನು ಹುಡುಕಿ ಮೇಲೆತ್ತಿದ್ದು ಬಹಳ ತಡವಾಗಿ, ಅದೂ ದಲಿತ ಬರಹಗಾರರು ಮತ್ತು ಹೆಣ್ಣುಮಕ್ಕಳ ಸಂಘಟನೆಗಳು. ಆಸ್ತಿ ಕಳಕೊಂಡವನ ಕಥೆ ಇತಿಹಾಸವಾಯಿತು. ಊರನ್ನೇ ಕಳಕೊಂಡವಳ ಕಥೆ ವದಂತಿಯ ಹಾಗೆ ಉಳಿಯಿತು.

ಇದು ಹಳೇ ಕಥೆ ಅಂತ ಯಾರೂ ಹೇಳುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೂ ಮಹಿಳೆಯರಿಗೂ ಸಿನಿಮಾ ಮಾಡಲು ಒಂದೂವರೆ ಕೋಟಿ ರೂಪಾಯಿ ಕೊಡುವ ಯೋಜನೆ ಕೇರಳ ಸರ್ಕಾರದ್ದಿದೆ. 2025ರ ಆಗಸ್ಟ್‌ನಲ್ಲಿ ತಿರುವನಂತಪುರದಲ್ಲಿ ನಡೆದ ಸಿನಿಮಾ ನೀತಿ ಸಮಾವೇಶದಲ್ಲಿ ಹಿರಿಯ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಈ ಯೋಜನೆ ಬಗ್ಗೆ ಮಾತಾಡಿದರು. ಈ ದುಡ್ಡು ಹೆಚ್ಚಾಯಿತು, ಅದನ್ನು ಮೂವರಿಗೆ ಹಂಚಬೇಕು, ಇವರಿಗೆ ಮೊದಲು ಮೂರು ತಿಂಗಳಾದರೂ ತರಬೇತಿ ಬೇಕು ಅನ್ನೋದು ಅವರ ವಾದ. ಸಭೆಯಲ್ಲೇ ಗಾಯಕಿ ಪುಷ್ಪವತಿ ಎದ್ದು ವಿರೋಧಿಸಿದರು.

ತರಬೇತಿ ಕೆಟ್ಟದ್ದಲ್ಲ. ಕಲಿಯದೆ ಯಾವ ಕಸುಬೂ ಬರೋದಿಲ್ಲ, ಚಪ್ಪಲಿ ಹೊಲಿಯೋದೂ ಬರೋದಿಲ್ಲ. ನನ್ನ ಪ್ರಶ್ನೆ ಬೇರೆ. ಅಡೂರ್ ಅವರ ಮೊದಲ ಚಿತ್ರ 'ಸ್ವಯಂವರಂ' (1972) ಆದದ್ದು ಅವರ ಚಿತ್ರಲೇಖ ಸಹಕಾರ ಸಂಘದ ಪ್ರಯತ್ನ ಮತ್ತು ಕೇಂದ್ರ ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲದಿಂದ. ಅವರೂ ಜಾನ್ ಅವರೂ ಓದಿದ ಪುಣೆಯ ಸಂಸ್ಥೆ ನಡೆಯುವುದು ಸರ್ಕಾರದ ದುಡ್ಡಿನಲ್ಲಿ. ಸರ್ಕಾರದ ದುಡ್ಡು ಅಂದರೆ ಯಾರದ್ದು? ಬೆಂಕಿಪೊಟ್ಟಣ, ಬಟ್ಟೆ, ಸೋಪು ಕೊಂಡ ಪ್ರತಿಯೊಬ್ಬ ಕೂಲಿಯವನದ್ದೂ ಅದರಲ್ಲಿದೆ. ಆ ದುಡ್ಡಿನಲ್ಲಿ ಕೆಲವರು ಕಲಿತಾಗ, ಚಿತ್ರ ಮಾಡಿದಾಗ ಅದು ಪ್ರತಿಭೆಗೆ ಸಿಕ್ಕ ಪ್ರೋತ್ಸಾಹ. ಅದೇ ದುಡ್ಡು ಕೊಟ್ಟವನ ಮಗನ ಕೈಗೆ ವಾಪಸು ಬಂದಾಗ ಮಾತ್ರ ಲೆಕ್ಕ, ತರಬೇತಿ, ಅನುಮಾನ. ಕಲಿತವರು ಕಲಿಸಲು ಬರಬೇಕಾದದ್ದು ಮುಯ್ಯಿ ತೀರಿಸುವ ಮನಸ್ಸಿನಿಂದ. ಬಾಗಿಲಲ್ಲಿ ನಿಂತು ಚೀಟಿ ಕೇಳುವ ಕಾವಲುಗಾರನ ಹಾಗೆ ಅಲ್ಲ.

ನಮ್ಮ ಹುಡುಗರಿಗೂ ಒಂದು ಮಾತು ಹೇಳಬೇಕು. ಜಾನ್ ಅವರನ್ನು ಮೆಚ್ಚುವವರಲ್ಲಿ ಹೆಚ್ಚಿನವರಿಗೆ ನೆನಪಿರೋದು ಗಡ್ಡ, ಕುಡಿತ, ಅಲೆದಾಟ, ಬೀದಿಯಲ್ಲಿ ಮಲಗಿದ್ದು. ಸತ್ತ ಮೇಲೆ ಅವರನ್ನು ಒಬ್ಬ ಹುಚ್ಚು ಸಂತನನ್ನಾಗಿ ಮಾಡಿಬಿಟ್ಟಿದ್ದಾರೆ. ಕತ್ತೆಗೆ ಗುಡಿ ಕಟ್ಟಿದ ಅಗ್ರಹಾರದ ಬಗ್ಗೆ ಸಿನಿಮಾ ಮಾಡಿದವನಿಗೇ ಗುಡಿ ಕಟ್ಟುವುದು ಎಂಥ ವಿಪರ್ಯಾಸ! ಕುಡಿದು ಬೀದಿಯಲ್ಲಿ ಬಿದ್ದವರನ್ನು ನಮ್ಮ ಕೇರಿಗಳಲ್ಲಿ ದಿನಾ ನೋಡ್ತೀವಿ. ಅವರ ಹೆಂಡತಿ ಮಕ್ಕಳನ್ನೂ ನೋಡ್ತೀವಿ. ಅದರಲ್ಲಿ ಕಾವ್ಯ ಏನೂ ಇಲ್ಲ. ಜಾನ್ ಅವರಿಂದ ನಾವು ಎತ್ತಿಕೊಳ್ಳಬೇಕಾದದ್ದು ಬಾಟಲಿಯನ್ನಲ್ಲ, ಪ್ರೊಜೆಕ್ಟರನ್ನು.

ಗೆಳೆಯರೇ, ಈಗ ಕ್ಯಾಮರಾ ಫೋನಿನಲ್ಲೇ ಇದೆ. ಜಾನ್ ಕಾಲದ ಫಿಲ್ಮು, ಲ್ಯಾಬಿನ ಖರ್ಚು ಇಲ್ಲ. ಹಾಗಂತ ಋಣದ ಪ್ರಶ್ನೆ ಹೋಗಲಿಲ್ಲ, ಜಾಗ ಬದಲಿಸಿದೆ. ಕಥೆ ಕೊಟ್ಟವರು ಯಾರು, ಮನೆಯೊಳಗೆ ಬಿಟ್ಟುಕೊಂಡವರು ಯಾರು, ಅಳುವಾಗ ಚಿತ್ರ ತೆಗೆಸಿಕೊಂಡವರು ಯಾರು? ಊರಿನ ಕಥೆ ತಗೊಂಡು ಫೆಸ್ಟಿವಲ್ಲಿಗೆ ಹೋದವರು ಊರಿಗೆ ವಾಪಸು ಬಂದು ತೋರಿಸಿದರಾ? ಈ ಪ್ರಶ್ನೆ ನಮ್ಮವರೇ ಮಾಡಿದ ಸಿನಿಮಾಕ್ಕೂ ಕೇಳಬೇಕು. ಜಾತಿ ಒಂದೇ ಆದ ಮಾತ್ರಕ್ಕೆ ಋಣ ಮನ್ನಾ ಆಗೋದಿಲ್ಲ.

ಚಂದಾ ಎತ್ತಿ ನಡೆಸುವ ಇಂಥ ಸಣ್ಣ ಪತ್ರಿಕೆಗೆ ಬರೆಯುವ ನಮಗೂ ಇದೇ ಲೆಕ್ಕ. ಹಳ್ಳಿಯ ಮೇಷ್ಟರೊಬ್ಬರು ಸಂಬಳದಲ್ಲಿ ಉಳಿಸಿ ಮನಿಯಾರ್ಡರ್ ಮಾಡಿದ್ದರೆ, ಇನ್ನೊಬ್ಬರು ಈಗ ಫೋನಿನಲ್ಲಿ ಕಳಿಸುತ್ತಾರೆ. ಪತ್ರ ಇಲ್ಲದ ಮುಯ್ಯಿ ಅದು. ಬರೆದದ್ದು ತಿಳಿಯದಿದ್ದರೆ ಕೇಳಿ, ಸುಳ್ಳು ಅನಿಸಿದರೆ ಕಾಗದ ಬರೆಯಿರಿ. ಮೇಷ್ಟರುಗಳೇ, ನಿಮ್ಮ ಶಾಲೆಯ ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿ ಒಂದು ಒಳ್ಳೆಯ ಸಿನಿಮಾ ತೋರಿಸಿ. ನೋಡಿ ಮುಗಿದ ಮೇಲೆ ಯಾವುದಾದರೊಂದು ಹುಡುಗಿಯ ಕೈಗೆ ಫೋನು ಕೊಟ್ಟು, ನಿನ್ನ ಅಮ್ಮ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತಾಳೆ, ತೆಗೆದುಕೊಂಡು ಬಾ ಅನ್ನಿ. ಒಡೆಸ್ಸಾದವರು ಊರಿನಿಂದ ಪಡೆದದ್ದು ಊರಿಗೆ ಮುಟ್ಟಲು ಅಲ್ಲಿಂದ ಶುರುವಾಗುತ್ತದೆ.